ಮಳೆಯ ಲೆಕ್ಕ ಗೊತ್ತು, ಮನೆಯ ದಾರಿ ಗೊತ್ತಿಲ್ಲ

ಯಶವಂತಪುರದಿಂದ ಕಾರವಾರದತ್ತ ಹೊರಟ ರೈಲು ಸಕಲೇಶಪುರ ದಾಟಿ ಘಟ್ಟ ಇಳಿಯತೊಡಗಿದಾಗ ಪ್ರಯಾಣಿಕರ ಮೊಬೈಲುಗಳು ಒಂದೊಂದಾಗಿ ಮೌನ ತಾಳುತ್ತವೆ. ರೈಲ್ವೆಗೆ ಮಾತ್ರ ತನ್ನ ದಾರಿಯ ಪ್ರತಿ ಗೇಣೂ ಗೊತ್ತು. 2024ರ ಜುಲೈ 26ರಂದು ಯಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದಾಗ ಆ ಜಾಗವನ್ನು ಹೇಳಲು ಕಿಲೋಮೀಟರಿನ ಸಂಖ್ಯೆಯೊಂದೇ ಸಾಕಾಯಿತು. ಅದೇ ಕಾಡಿನಂಚಿನ ಮನೆಯಿಂದ ತುರ್ತು ಕರೆ ಹೋದರೆ? "ಹತ್ತಿರದ ಗುರುತು ಏನು?" ಎಂದು ನಗರದ ದನಿಯೊಂದು ಕೇಳುತ್ತದೆ. ಹೊಳೆ ದಾಟಿ, ಕಾಲುಸಂಕದ ಮೇಲ್ಗಡೆ ಎಂಬ ಉತ್ತರ ಯಾವ ಗಣಕಕ್ಕೂ ಅರ್ಥವಾಗುವುದಿಲ್ಲ. ಹೊಸಗದ್ದೆ ಎಂದರೆ ಯಾವ ಹೊಸಗದ್ದೆ?

ತಂತ್ರಜ್ಞಾನವಿಲ್ಲವೆಂದಲ್ಲ. ಯಶವಂತಪುರದಾಚೆ ಯಲಹಂಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರದ ನಿಗಾಕ್ಕೆಂದು ಹುಟ್ಟಿದ ಈ ಸಂಸ್ಥೆ ಪಂಚಾಯಿತಿಗಳಲ್ಲಿ ನಿಲ್ಲಿಸಿದ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸುವಂತೆ ರೂಪಿತವಾದವು. ಶ್ಲಾಘನೀಯ ಕೆಲಸವೇ. ಆದರೆ ಬೆಟ್ಟದ ಮಳೆಯನ್ನು ಅಳೆಯಲು ತೋರಿದ ಶ್ರದ್ಧೆಯನ್ನು ಬೆಟ್ಟದ ಮನೆಗಳನ್ನು ಗುರುತಿಸಲು ಆಳುವವರು ತೋರಲಿಲ್ಲವೇಕೆ?

ಆ್ಯಪ್ ಇದೆಯಲ್ಲ ಎನ್ನುವವರಿದ್ದಾರೆ. ಮಳೆಗಾಲದಲ್ಲಿ ವಿದ್ಯುತ್ ಹೋಗಿ, ಬ್ಯಾಟರಿ ಬರಿದಾಗಿ, ಡೀಸೆಲ್ ಮುಗಿದು ಟವರೇ ಸತ್ತ ಮೇಲೆ ಆ್ಯಪ್ ಏನು ಮಾಡೀತು? ಮಳೆಮಾಪಕ ಕೂಡ ಮೊಬೈಲ್ ಜಾಲವನ್ನೇ ನಂಬಿದೆ. ಎಲ್ಲವನ್ನೂ ಒಂದೇ ಕಡೆ ಕೂಡಿಹಾಕಿದರೆ ಏನಾಗುತ್ತದೆಂಬುದನ್ನೂ ನಾಡು ಕಂಡಿದೆ: 2008ರ ನವೆಂಬರ್ 1ರಂದು ಆರಂಭವಾದ 108 ಸೇವೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕರೆಕೇಂದ್ರದ ಯಂತ್ರ ಕೆಟ್ಟಾಗ ರಾಜ್ಯದುದ್ದಕ್ಕೂ ಮುಗ್ಗರಿಸಿತು. ಬೆಂಗಳೂರಿನಲ್ಲಿ ಆಟೋವಾದರೂ ಸಿಗುತ್ತದೆ. ಕೂಗಿದರೂ ಕೇಳದಷ್ಟು ದೂರದ ಒಂಟಿಮನೆಯ ರೋಗಿಗೆ ಜೋಲಿಯೇ ಗತಿ.

ಯುರೋಪಿನ ಒಕ್ಕೂಟವು 2022ರ ಮಾರ್ಚಿನಿಂದ, ಮಾರಾಟವಾಗುವ ಸ್ಮಾರ್ಟ್‌ಫೋನುಗಳು ತುರ್ತು ಕರೆಯೊಂದಿಗೆ ಕರೆದವರ ನೆಲೆಯನ್ನೂ ತಾವಾಗಿಯೇ ತಿಳಿಸಬೇಕೆಂದು ಕಡ್ಡಾಯ ಮಾಡಿದೆ. ಅಂಥದ್ದು ಇಲ್ಲಿಯೂ ಎಲ್ಲ ಹಳ್ಳಿಗೂ ಬರಲಿ. ಆದರೆ ಅದಕ್ಕಾಗಿ ಕಾದು ಕೂರಬೇಕಿಲ್ಲ. ರೈಲ್ವೆಯ ಕಲ್ಲಿನಂತೆ ಪ್ರತಿ ಕಾಲುಸಂಕ, ಶಾಲೆ, ವಿದ್ಯುತ್ ಕಂಬಕ್ಕೂ ಸಂಖ್ಯೆ ಬರೆಯಲು ಬೇಕಾದದ್ದು ಒಂದು ಡಬ್ಬ ಬಣ್ಣ. ಆ ಪಟ್ಟಿ ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ, ಅರಣ್ಯ ಇಲಾಖೆಗಳ ಕೈಯಲ್ಲಿ ಏಕಕಾಲಕ್ಕೆ ಇರಬೇಕು. ಒಬ್ಬರಿಗೆ ಹೇಳಿದ ಸಂಕಟವನ್ನು ನಾಲ್ವರಿಗೆ ಮತ್ತೆ ಮತ್ತೆ ವಿವರಿಸುವ ದುರವಸ್ಥೆ ತಪ್ಪಬೇಕು. ಟವರ್ ಸತ್ತಾಗಲೂ ಮಾತನಾಡಬಲ್ಲ ವೈರ್‌ಲೆಸ್ ಪಂಚಾಯಿತಿಯಲ್ಲಿರಬೇಕು.

ಇದರ ನೆಪದಲ್ಲಿ ಗುಡ್ಡ ಕಡಿಯಲು ಪರವಾನಗಿ ಸಿಕ್ಕಿತೆಂದು ಯಾರೂ ಭಾವಿಸಬಾರದು. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಕುಸಿದದ್ದು ರಸ್ತೆಗಾಗಿ ಕಡಿದಾಗಿ ಕತ್ತರಿಸಿದ್ದ ಗುಡ್ಡ. ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಮಣ್ಣಿನಡಿ ಸಿಲುಕಿದವರಿಗೆ ತಡವೇ.

ಯಶವಂತಪುರದಿಂದ ರಜೆಗೆ ಊರಿಗೆ ಮರಳುವ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲೇ ತಮ್ಮ ತಮ್ಮ ಮಜರೆಗಳ ದಾರಿ, ಸಂಕ, ಒಂಟಿಮನೆಗಳನ್ನು ಹಿರಿಯರಿಂದ ಕೇಳಿ ದಾಖಲಿಸಲಿ. ಮುಂಗಾರಿಗೆ ಮುನ್ನ ಗ್ರಾಮಸಭೆಯಲ್ಲಿ ಆ ಪಟ್ಟಿ ಮಂಡನೆಯಾಗಿ, ನಡಾವಳಿಯಲ್ಲಿ ದಾಖಲಾಗಿ, ಜಿಲ್ಲಾಧಿಕಾರಿಗಳ ಕಚೇರಿಯಿಂದ ಲಿಖಿತ ಸ್ವೀಕೃತಿ ಬರಬೇಕು.