ದೆಹಲಿಯತ್ತ ಬೆರಳು, ಪಂಚಾಯಿತಿಗೆ ಬೀಗ

2024ರ ಫೆಬ್ರುವರಿಯಲ್ಲಿ ನಮ್ಮ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಸಚಿವರು, ಶಾಸಕರೆಲ್ಲ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಕೂಗಿದರು. ಕೂಗಿನಲ್ಲಿ ನ್ಯಾಯವಿತ್ತು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗದ ಕಾಲಕ್ಕೆ ಶೇ 4.71 ಇದ್ದ ಕರ್ನಾಟಕದ ಪಾಲು 15ನೇ ಆಯೋಗದ ಕಾಲಕ್ಕೆ ಶೇ 3.64ಕ್ಕೆ ಇಳಿದಿತ್ತು. ಊರಲ್ಲಿ ಟಿವಿ ಮುಂದೆ ಕೂತ ನಾವೂ ಹೌದು ಹೌದು ಎಂದು ತಲೆಯಾಡಿಸಿದೆವು.

ಅದೇ ದಿನ ಕರ್ನಾಟಕದ ಒಂದೇ ಒಂದು ಜಿಲ್ಲಾ ಪಂಚಾಯಿತಿಯಲ್ಲೂ ಚುನಾಯಿತ ಸದಸ್ಯನಿರಲಿಲ್ಲ. ತಾಲ್ಲೂಕು ಪಂಚಾಯಿತಿಗಳಲ್ಲೂ ಇಲ್ಲ. 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲೇ ಮುಗಿದಿತ್ತು. ಬೆಂಗಳೂರಿಗೆ 2020ರ ಸೆಪ್ಟೆಂಬರ್‌ನಿಂದ ಕಾರ್ಪೊರೇಟರ್‌ಗಳೇ ಇರಲಿಲ್ಲ. ಧರಣಿಗೆ ಹೋದ ಯಾವ ಶಾಸಕರಿಗೂ ಇದು ನೆನಪಾಗಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ. ನಮಗೂ ನೆನಪಾಗಲಿಲ್ಲವಲ್ಲ, ಈ ಬರಹದ ತಕರಾರು ಇರುವುದು ಅದರ ಬಗ್ಗೆ.

ಸ್ಥಳೀಯ ಸಂಸ್ಥೆಯ ಅವಧಿ ಮುಗಿಯುವ ಮುನ್ನವೇ ಹೊಸ ಚುನಾವಣೆ ಮುಗಿಸಬೇಕು ಎಂದು ಸಂವಿಧಾನ ಸ್ಪಷ್ಟವಾಗಿ ಹೇಳುತ್ತದೆ. 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದದ್ದು 1993ರಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ದೆಹಲಿ ಕೊಟ್ಟ ಅಧಿಕಾರವನ್ನು ತಡೆಹಿಡಿದದ್ದು ವಿಧಾನಸೌಧ. 2021ರಲ್ಲಿ ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ತು ಬೇರೊಂದು ಆಯೋಗಕ್ಕೆ ಕೊಟ್ಟಿತು. ಅಲ್ಲಿಂದ ಶುರುವಾಯಿತು ವಿಂಗಡಣೆ, ಮೀಸಲಾತಿ, ಆಕ್ಷೇಪಣೆ, ಹೈಕೋರ್ಟ್, ಮತ್ತೆ ವಿಂಗಡಣೆ. ವಿಳಂಬಕ್ಕಾಗಿ 2022ರಲ್ಲಿ ಹೈಕೋರ್ಟ್ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಆ ದಂಡ ಹೋಗುವುದೂ ನಮ್ಮ ತೆರಿಗೆಯಿಂದಲೇ ಎನ್ನುವುದು ಬೇರೆ ಮಾತು. 2023ರಲ್ಲಿ ಸರ್ಕಾರ ಬದಲಾಯಿತು, ಚಾಳಿ ಬದಲಾಗಲಿಲ್ಲ. ಮಿಕ್ಕೆಲ್ಲದರಲ್ಲೂ ಕಚ್ಚಾಡುವ ಪಕ್ಷಗಳಿಗೆ ಈ ಒಂದು ವಿಷಯದಲ್ಲಿ ಅದೆಂಥ ಹೊಂದಾಣಿಕೆ!

ಬೆಂಗಳೂರಿನದು ಇನ್ನೂ ಸೊಗಸು. ಒಂದು ಪಾಲಿಕೆಗೇ ಚುನಾವಣೆ ನಡೆಸದವರು 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆ ಮಾಡಿದರು. ಐದರ ಮೇಲೊಂದು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷ. ಕುಡಿಯುವ ನೀರಿಗೆ ಜಲಮಂಡಳಿ, ಬಡಾವಣೆಗೆ ಬಿಡಿಎ, ಬಸ್ಸಿಗೆ ಬಿಎಂಟಿಸಿ ಎಂದು ಮೊದಲೇ ಹರಿದು ಹಂಚಿಹೋಗಿದ್ದ ಊರು ಇದು. ಇದೇ ಏರ್ಪಾಡನ್ನು ಪ್ರಧಾನಿ ಕರ್ನಾಟಕದ ಮೇಲೆ ಹೇರಿದ್ದರೆ ಒಕ್ಕೂಟ ವ್ಯವಸ್ಥೆ ಸತ್ತೇ ಹೋಯಿತೆಂದು ನಾವು ಬೀದಿಗಿಳಿಯುತ್ತಿದ್ದೆವು. ಈಗೇನು ಮಾಡಿದೆವು? ಗುಂಡಿಯ ಫೋಟೊ ತೆಗೆದು ಉಪಮುಖ್ಯಮಂತ್ರಿಗೆ ಟ್ಯಾಗ್ ಮಾಡಿದೆವು. ಬೀದಿಯ ಗುಂಡಿಗೆ ಉಪಮುಖ್ಯಮಂತ್ರಿಯನ್ನು ಕರೆಯುವುದೇ ನಾಚಿಕೆಗೇಡು ಎಂದು ಯಾರಿಗೂ ಅನ್ನಿಸಿಲ್ಲ. ಕೊನೆಯ ಬಿಬಿಎಂಪಿ ಚುನಾವಣೆ ನಡೆದ 2015ರ ಆಗಸ್ಟ್‌ನಲ್ಲೂ ಅರ್ಧಕ್ಕರ್ಧ ಮತದಾರರು ಮನೆಬಿಟ್ಟು ಹೊರಟಿರಲಿಲ್ಲ.

ಹಳ್ಳಿಯವರು ಇದನ್ನೋದಿ ಮೀಸೆ ತಿರುವುವುದು ಬೇಡ. ಗ್ರಾಮಸಭೆ ಹೇಗೆ ನಡೆಯುತ್ತದೆಂದು ಬಲ್ಲವರೇ ಬಲ್ಲರು. ಹನ್ನೊಂದಕ್ಕೆ ಕರೆದದ್ದು ಹನ್ನೆರಡೂವರೆಗೆ ಶುರು. ಶಾಮಿಯಾನದ ಕೆಳಗೆ ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದ ಹೆಂಗಸರು, ಅಂದರೆ ಬರಲೇಬೇಕೆಂದು ಹೇಳಿ ಕರೆಸಿದವರು. ನೋಡಲ್ ಅಧಿಕಾರಿಯಾಗಿ ಬಂದ ಪಶುವೈದ್ಯರು ಗಡಿಯಾರ ನೋಡುತ್ತಾರೆ. ಪಿಡಿಒ ಹಿಂದಿನ ಸಭೆಯ ನಡಾವಳಿ ಗಡಗಡ ಓದಿ ಮುಗಿಸುತ್ತಾರೆ. ಮನೆ ಹಂಚಿಕೆಯ ಪಟ್ಟಿ ಎತ್ತಿದಾಗ ಮಾತ್ರ ಗದ್ದಲ, ಬಂದ ಮನೆ ಬೆರಳೆಣಿಕೆ, ಅರ್ಜಿ ರಾಶಿ. ‘ಎಮ್ಮೆಲ್ಲೆ ಸಾಹೇಬ್ರು ನೋಡಿದ ಲಿಸ್ಟಪ್ಪಾ ಇದು’ ಎಂದು ಯಾರೋ ಅಂದದ್ದೇ ತಡ, ಗದ್ದಲ ಅಡಗುತ್ತದೆ. ಫಲಾನುಭವಿ ಯಾರೆಂದು ಗ್ರಾಮಸಭೆಯೇ ತೀರ್ಮಾನಿಸಬೇಕು ಎಂಬ ಕಾನೂನು ಆ ಗಳಿಗೆಯಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಸಂಜೆ ಹಾಜರಿ ಪುಸ್ತಕ ಮನೆಮನೆ ಸುತ್ತಿ ಸಹಿ ತುಂಬಿಸಿಕೊಂಡು ಬರುತ್ತದೆ. ಆ ಸಹಿ ಹಾಕಿದವರು ಕೇಂದ್ರದವರಲ್ಲ, ರಾಜ್ಯದವರೂ ಅಲ್ಲ.

2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕೆಲವು ಊರುಗಳು ಸದಸ್ಯ ಸ್ಥಾನವನ್ನೇ ಹರಾಜು ಹಾಕಿದವು. ಹಣ ಗುಡಿ ಕಟ್ಟಲಿಕ್ಕೆ ಎಂಬ ಸಮಜಾಯಿಷಿ ಬೇರೆ. ಸ್ವಂತ ಆಳ್ವಿಕೆಯನ್ನು ಕೂಗಿ ಮಾರಿದ ಊರಿಗೆ ರಾಜ್ಯ ಸರ್ಕಾರ ಯಾಕೆ ಹೆದರಬೇಕು?

ಹೀಗೇ ಇತ್ತೇ? ಇರಲಿಲ್ಲ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ ತಂದ 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆಯಿತು. ಕೇಂದ್ರದ ತಿದ್ದುಪಡಿಗಳು ಬರಲು ಇನ್ನೂ ಆರು ವರ್ಷವಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಕೆಲಸ ಮಾಡುವ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಮಹಿಳೆಯರಿಗೆ ಶೇ 25 ಮೀಸಲಾತಿ. ಊರೂರಿಗೆ ಕೊಳವೆಬಾವಿ ಹಾಕಿಸಿದ್ದಕ್ಕೆ ಜನ ನಜೀರ್ ಸಾಬರನ್ನು ‘ನೀರ್ ಸಾಬ್’ ಎಂದರು. ಶಾಸಕರು ಆಗಲೇ ಕಣ್ಣು ಕೆಂಪಗೆ ಮಾಡಿಕೊಂಡಿದ್ದರು, ಜಿಲ್ಲೆಯಲ್ಲಿ ತಮ್ಮನ್ನು ಕೇಳುವವರಿಲ್ಲವೆಂದು. ಆ ಸಿಟ್ಟು ಇವತ್ತಿಗೂ ಆರಿಲ್ಲ. ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷ. ಚರಂಡಿಯ ಗುದ್ದಲಿಪೂಜೆಗೂ ಅವರೇ, ಬಸ್ ತಂಗುದಾಣದ ಮೇಲಿನ ಹೆಸರೂ ಅವರದೇ. ಕಾನೂನು ಮಾಡಲೆಂದು ಕಳಿಸಿದವರನ್ನು ಕಾಂಕ್ರೀಟು ಸುರಿಸಲು ಹಚ್ಚಿದವರು ಯಾರು? ಮಗಳ ವರ್ಗಾವಣೆಗೆ, ತಮ್ಮನ ಪೊಲೀಸ್ ಕೇಸಿಗೆ, ಬೀದಿದೀಪಕ್ಕೆ, ಎಲ್ಲಕ್ಕೂ ಬೆಳಗಾಗೆದ್ದು ಅವರ ಮನೆಯಂಗಳದಲ್ಲಿ ಕೈಮುಗಿದು ನಿಂತ ನಾವು.

‘ಪಂಚಾಯಿತಿಗೆ ಅಧಿಕಾರ ಕೊಟ್ಟರೆ ತಿಂದು ಹಾಕ್ತಾರೆ ಕಣ್ರೀ’ ಎನ್ನುವ ಮಾತು ನಮಗೆ ಬಲು ಹಿತ. ಏಕೆಂದರೆ ಅದನ್ನಾಡಿದ ಮೇಲೆ ಬೇರೇನೂ ಮಾಡಬೇಕಾಗಿಲ್ಲ. ರಾಜ್ಯಗಳಿಗೆ ದುಡ್ಡು ಕೊಟ್ಟರೆ ಪೋಲು ಮಾಡುತ್ತಾರೆ ಎಂದು ದೆಹಲಿಯವರು ಹೇಳಿದಾಗ ಉರಿದುಬೀಳುವವರೂ ನಾವೇ. ಪಂಚಾಯಿತಿ ಸದಸ್ಯ ಕದ್ದರೆ ಅವನ ಮನೆ ಎಲ್ಲಿದೆಯೆಂದಾದರೂ ಊರಿಗೆ ಗೊತ್ತಿರುತ್ತದೆ. ಚುನಾಯಿತರಿಲ್ಲದ ಕಡೆ ಅವರ ಜಾಗದಲ್ಲಿ ಕೂತ ಆಡಳಿತಾಧಿಕಾರಿಯ ಸಹಿಯಲ್ಲಿ ಹೋದ ಹಣವನ್ನು ಕೇಳಲು ಯಾರ ಮನೆಗೆ ಹೋಗುತ್ತೀರಿ? ಅಷ್ಟರಲ್ಲಿ ಅವರಿಗೆ ವರ್ಗವಾಗಿರುತ್ತದೆ.

ಮುಂದಿನ ವಿಧಾನಸಭಾ ಚುನಾವಣೆಗೆ ಓಟು ಕೇಳಲು ಬಂದವರನ್ನು, ಜಿಲ್ಲಾ ಪಂಚಾಯಿತಿ ಚುನಾವಣೆಯನ್ನು ಇಷ್ಟು ವರ್ಷ ಯಾಕೆ ಮುಂದೆ ಹಾಕಿದಿರಿ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳುವ ಊರು ರಾಜ್ಯದಲ್ಲಿ ಎಷ್ಟಿವೆ? ಸಮುದಾಯ ಭವನಕ್ಕೆ ಎಷ್ಟು ಲಕ್ಷ ಕೊಡುತ್ತೀರಿ ಎಂದು ಕೇಳುವ ಊರುಗಳನ್ನಂತೂ ಎಣಿಸಲು ಸಾಧ್ಯವಿಲ್ಲ.