ಭೂತದ ಕಥೆಯೋ, ಪ್ರಮಾದದ ಕಥೆಯೋ?

ಕಳೆದ ಚಾತುರ್ಮಾಸದಲ್ಲಿ ಶಿವಮೊಗ್ಗದಲ್ಲಿ ನಮ್ಮ ಸಮಾಜ ಬಾಂಧವರ ನಡುವೆ ಒಂದು ಮನವಿ ಪತ್ರವು ಸಹಿಗಾಗಿ ಕೈಯಿಂದ ಕೈಗೆ ಸಾಗಿತು. ನಗರದ ಪ್ರೌಢಶಾಲೆಯೊಂದರ ಇಂಗ್ಲಿಷ್ ತರಗತಿಯಲ್ಲಿ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಸಂಕ್ಷಿಪ್ತ ರೂಪವನ್ನು ಪಾಠ ಮಾಡುತ್ತಿದ್ದಾರೆ. ಅದರ ತುಂಬ ಶವ, ಸ್ಮಶಾನ, ಕೊಲೆಗಳೇ ಇವೆ. ಅಹಿಂಸಾಧರ್ಮದ ಮನೆಗಳ ಮಕ್ಕಳಿಗೆ ಅದು ತಕ್ಕುದಲ್ಲವಾದ್ದರಿಂದ ಕೂಡಲೇ ಕೈಬಿಡಬೇಕು ಎಂಬುದು ಅದರ ಸಾರ. ಸಹಿ ಹಾಕಿದವರಲ್ಲಿ ನನ್ನ ಆಪ್ತರೂ ಧರ್ಮದರ್ಶಿಗಳೂ ಇದ್ದರು. ನಾನು ಹಾಕಲಿಲ್ಲ. ಏಕೆ ಹಾಕಲಿಲ್ಲವೆಂದು ಹೇಳುವುದು ನನ್ನ ಕರ್ತವ್ಯ.

ಸಹಿ ಮಾಡಿದ ಕೆಲವರನ್ನು “ತಾವು ಆ ಪುಸ್ತಕವನ್ನು ಓದಿದ್ದೀರಾ?” ಎಂದು ಕೇಳಿದೆ. ಒಬ್ಬರೂ ಓದಿರಲಿಲ್ಲ. ನನ್ನ ಮೊಮ್ಮಗಳು ಅದೇ ತರಗತಿಯಲ್ಲಿರುವುದರಿಂದ ನಾನು ಪೂರ್ಣ ಪುಸ್ತಕವನ್ನೇ ತರಿಸಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದು ತಿಂಗಳು ಓದಿದೆ. ಇಂಗ್ಲಿಷರು ‘ಗಾಥಿಕ್’ ಎಂದು ಕರೆಯುವ ಭಯಾನಕರಸದ ಪ್ರಕಾರಕ್ಕೆ ಸೇರಿದ ಈ ಕೃತಿ 1818ರಲ್ಲಿ ಲಂಡನ್ನಿನಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಬರೆದವಳು ಮೇರಿ ಶೆಲ್ಲಿ. 1816ರಲ್ಲಿ ಜಿನೀವಾ ಸರೋವರದ ಬಳಿ ಬರೆಯತೊಡಗಿದಾಗ ಅವಳಿಗೆ ಹದಿನೆಂಟು ವರ್ಷ. ಫ್ರಾಂಕೆನ್‌ಸ್ಟೈನ್ ಎಂಬುದು ಭೂತದ ಹೆಸರಲ್ಲ; ಅದನ್ನು ನಿರ್ಮಿಸಿದ ಯುವಕನ ಹೆಸರು. ಅವನು ನಿರ್ಜೀವ ಅಂಗಾಂಗಗಳನ್ನು ಕೂಡಿಸಿ ಜೀವ ತುಂಬುತ್ತಾನೆ. ಅದು ಕಣ್ಣು ತೆರೆದೊಡನೆ ಅದರ ಕುರೂಪಕ್ಕೆ ಹೇಸಿ ಓಡಿಹೋಗುತ್ತಾನೆ. ಕೊನೆಯವರೆಗೂ ಅದಕ್ಕೊಂದು ಹೆಸರನ್ನೂ ಇಡುವುದಿಲ್ಲ.

ಮೊದಲು ಭಯದ ಆಕ್ಷೇಪಣೆಯನ್ನು ನೋಡೋಣ. ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ನಮ್ಮ ಮನೆಮನೆಯ ಹೆಮ್ಮೆ. ಅಲ್ಲಿ ಮಾರಿಯ ಗುಡಿಗೆ ಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರಿದ್ದಾರೆ. ಗಂಡನಿಗೂ ಅತ್ತೆಗೂ ವಿಷವಿಕ್ಕುವ ಅಮೃತಮತಿ ಇದ್ದಾಳೆ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಗಾಗಿಯೇ ತಾಯಿ ಮಗ ಇಬ್ಬರೂ ಪಶುಪಕ್ಷಿಗಳಾಗಿ ಹುಟ್ಟಿ ಹುಟ್ಟಿ ಸಾಯುವ ಭವಾವಳಿ ಇದೆ. ಇದಕ್ಕಿಂತ ಭೀಕರವಾದುದು ಆ ಇಂಗ್ಲಿಷ್ ಪುಸ್ತಕದಲ್ಲಿ ಏನಿದೆ? ಹಿಂಸೆಯ ಭೀಕರತೆಯನ್ನು ತೋರಿಸದೆ ಅಹಿಂಸೆಯನ್ನು ಬೋಧಿಸಲಾಗದೆಂದು ನಮ್ಮ ಕವಿಗಳಿಗೆ ತಿಳಿದಿತ್ತು. ಎಂಟುನೂರು ವರ್ಷಗಳ ಹಿಂದೆ ಜನ್ನನಿಗೆ ಸಲ್ಲಿಸಿದ ಮರ್ಯಾದೆಯನ್ನು ಮೇರಿ ಶೆಲ್ಲಿಗೆ ನಿರಾಕರಿಸಲು, ಅವಳು ಇಂಗ್ಲಿಷಿನಲ್ಲಿ ಬರೆದಳೆಂಬುದರ ಹೊರತು ಬೇರೆ ಕಾರಣವುಂಟೆ?

ಇನ್ನು ಆ ಜೀವಿಯ ನಡತೆ. ತೊರೆಯಲ್ಪಟ್ಟ ಮೇಲೆ ಅದು ಒಂದು ಬಡ ಕುಟುಂಬದ ಗುಡಿಸಲಿನ ಪಕ್ಕದಲ್ಲಿ ಅಡಗಿ ಬಾಳುತ್ತದೆ. ರಾತ್ರಿ ಅವರ ಆಹಾರದಲ್ಲಿ ಸ್ವಲ್ಪವನ್ನು ಕದಿಯುತ್ತಿದ್ದ ಆ ಜೀವಿ, ಅದರಿಂದ ಅವರು ಹಸಿದಿರುವರೆಂದು ಅರಿತ ದಿನವೇ ಕಳವನ್ನು ಬಿಟ್ಟು ಕಾಡಿನ ಹಣ್ಣು ಬೀಜ ಬೇರುಗಳಿಂದ ತೃಪ್ತಿಪಟ್ಟುಕೊಳ್ಳುತ್ತದೆ. ಸಾಲದೆಂಬಂತೆ ಅವರಿಗಾಗಿ ಸೌದೆಯನ್ನೂ ಕಡಿದು ತಂದಿಡುತ್ತದೆ. ಮುಂದೆ ತನ್ನ ನಿರ್ಮಾತೃವಿನೊಡನೆ ವಾದಿಸುವಾಗ, ತನ್ನ ಹಸಿವಿಗೆ ಕುರಿಮರಿ ಆಡಿನಮರಿಗಳನ್ನು ಕೊಲ್ಲಬೇಕಾಗಿಲ್ಲ, ಕಾಡಿನ ಕಾಯಿಗಳೇ ಸಾಕೆಂದು ಹೇಳುತ್ತದೆ. ಅಚೌರ್ಯವನ್ನೂ ಸಸ್ಯಾಹಾರವನ್ನೂ ತಾನಾಗಿಯೇ ಕಂಡುಕೊಂಡ ಈ ಪಾತ್ರದಿಂದ ಶ್ರಾವಕರ ಮಕ್ಕಳು ಕೆಡುವರೆ? ಅದು ಆಮೇಲೆ ಕೊಲೆಗಳನ್ನು ಮಾಡುತ್ತದೆ, ನಿಜ. ಆ ಪಾಪವನ್ನು ಪುಸ್ತಕವೂ ಮನ್ನಿಸಿಲ್ಲ, ನಾನೂ ಮನ್ನಿಸುವುದಿಲ್ಲ. ಆದರೆ ಪಾಪದ ಆಸ್ರವ ಎಲ್ಲಿಂದ ಆರಂಭವಾಯಿತೆಂದು ವಿಚಾರಿಸುವುದು ನಮ್ಮ ಶಾಸ್ತ್ರದ ಕ್ರಮವಲ್ಲವೆ?

ಹಾಗೆಂದು ಶಾಲೆಯವರ ಪಾಠಕ್ರಮವನ್ನು ನಾನು ಒಪ್ಪಿದೆನೆಂದು ಭಾವಿಸಬೇಡಿ. ಮೂಲದಲ್ಲಿ ನಾವಿಕ, ನಿರ್ಮಾತೃ, ಜೀವಿ ಮೂವರೂ ತಮ್ಮ ತಮ್ಮ ದೃಷ್ಟಿಯಿಂದ ಕಥೆ ಹೇಳುತ್ತಾರೆ. ಅನೇಕಾಂತವನ್ನು ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಮಕ್ಕಳ ಕೈಯಲ್ಲಿರುವ ಸಂಕ್ಷಿಪ್ತ ಪುಸ್ತಕವಾದರೋ ಜೀವಿಯ ಮಾತನ್ನು ಎರಡು ಪುಟಕ್ಕೆ ಇಳಿಸಿದೆ. ಪರೀಕ್ಷೆಯ ಗೈಡಿನಲ್ಲಿ ಅಚ್ಚಾದ ನೀತಿಯೋ, ದೇವರು ಮಾಡುವ ಸೃಷ್ಟಿಕಾರ್ಯಕ್ಕೆ ಮನುಷ್ಯನು ಕೈಹಾಕಬಾರದು ಎಂಬುದು! ಜಗತ್ಕರ್ತೃವಾದ ಈಶ್ವರನೊಬ್ಬನಿದ್ದಾನೆಂಬ ವಾದವನ್ನು ಒಂಬತ್ತನೆಯ ಶತಮಾನದಲ್ಲೇ ಜಿನಸೇನಾಚಾರ್ಯರು ಖಂಡಿಸಿರುವರು. ನಮ್ಮ ಮಕ್ಕಳು ಈ ಉತ್ತರವನ್ನು ಬಾಯಿಪಾಠ ಮಾಡಿ ಅಂಕ ಗಳಿಸುವಾಗ ಯಾರೂ ಮನವಿ ಪತ್ರ ಬರೆಯಲಿಲ್ಲ. ಕಥೆಗೆ ಹೆದರಿದವರು ಸಿದ್ಧಾಂತಕ್ಕೆ ಬಂದ ಕುಂದನ್ನು ಕಾಣಲಿಲ್ಲ.

ಆ ಯುವಕನ ದೋಷ ನಿರ್ಮಿಸಿದ್ದಷ್ಟರಲ್ಲೇ ಮುಗಿಯುವುದಿಲ್ಲ. ಅದಕ್ಕಾಗಿ ಅವನು ಜೀವಂತ ಪ್ರಾಣಿಗಳನ್ನು ಪೀಡಿಸಿದನು. ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಅದಕ್ಕಿಂತ ಮಿಗಿಲಾಗಿ, ನಿರ್ಮಿಸಿ ಕೈಬಿಟ್ಟನು. ಪ್ರಮಾದದಿಂದ ಪ್ರಾಣಕ್ಕೆ ಘಾತವಾದರೆ ಅದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಲಕ್ಷಣ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ, ವಧ, ಛೇದ, ಅತಿಭಾರಾರೋಪಣಗಳ ಜೊತೆಗೆ ಅನ್ನಪಾನನಿರೋಧವೂ ಸೇರಿದೆ. ನಮ್ಮನ್ನು ನಂಬಿದ ಜೀವಕ್ಕೆ ಅನ್ನ ನೀರು ತಪ್ಪಿಸುವುದೂ ಹಿಂಸೆಯೇ.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ನನ್ನದು ಕಾಗದ, ನೋಟ್‌ಬುಕ್ಕುಗಳ ವ್ಯಾಪಾರ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದದ ಕಾರ್ಖಾನೆಯ ಮಾಲನ್ನು ನಂಬಿ ಬೆಳೆದ ಅಂಗಡಿ. ಕಳೆದ ದಶಕದಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಯಂತ್ರ ಕಟ್ಟುವುದು ಪಾಪವಲ್ಲ. ಅದನ್ನು ನಂಬಿದ ಮನೆಗಳ ಗತಿಯೇನೆಂದು ಕೇಳದಿರುವುದು ಪಾಪವೆಂದು ಆಗ ಭದ್ರಾವತಿಯ ಬೀದಿಗಳಲ್ಲಿ ನಡೆಯುತ್ತ ನಾನು ಅಂದುಕೊಳ್ಳುತ್ತಿದ್ದೆ. ಅದೇ ವರ್ಷ ನನ್ನ ಅಂಗಡಿಯಲ್ಲಿ ಇಪ್ಪತ್ತು ವರ್ಷ ಹೊರೆ ಹೊತ್ತ ಮುದುಕನನ್ನು ಪೈಸೆ ಬಿಡದೆ ಲೆಕ್ಕ ಚುಕ್ತಾ ಮಾಡಿ ಕಳುಹಿಸಿದೆ. ಬಿ.ಕಾಂ. ಕಲಿತವನ ಖಾತೆಯಲ್ಲಿ ಜಮಾ ಖರ್ಚು ಸರಿಯಾಗಿತ್ತು. ಅವನು ಮರುದಿನ ಏನು ಉಂಡನೆಂದು ನಾನು ವಿಚಾರಿಸಲಿಲ್ಲ. ಮೊಮ್ಮಗಳು ಪುಸ್ತಕ ಮುಚ್ಚಿ, “ಅಜ್ಜಾ, ಅವನು ಅದನ್ನು ಬಿಟ್ಟು ಓಡಿಹೋದದ್ದೇಕೆ?” ಎಂದಾಗ ನನಗೆ ನೆನಪಾದದ್ದು ಆ ಮುದುಕ. ಪ್ರತಿಕ್ರಮಣದಲ್ಲಿ ಇಷ್ಟು ವರ್ಷ ಹೊಳೆಯದ ದೋಷವನ್ನು ಒಂದು ಭೂತದ ಕಥೆ ತೋರಿಸಿತು.

ಆದುದರಿಂದ ಧರ್ಮದರ್ಶಿಗಳಲ್ಲಿ ನನ್ನ ವಿನಂತಿಯಿಷ್ಟೆ. ಆ ಮನವಿಯನ್ನು ಹಿಂತೆಗೆದುಕೊಳ್ಳಿ. ಬದಲಿಗೆ, ಗೈಡಿನ ಉತ್ತರವನ್ನು ಬಿಟ್ಟು ಮೂಲದ ಜೀವಿಯ ಮಾತುಗಳನ್ನು ಓದಿಸಿರೆಂದು ಶಾಲೆಗೆ ಬರೆಯಿರಿ. ಬೇಸಿಗೆಯ ಧಾರ್ಮಿಕ ಶಿಬಿರದಲ್ಲಿ ‘ಯಶೋಧರ ಚರಿತೆ’ಯನ್ನೂ ಈ ಕಥೆಯನ್ನೂ ಅಕ್ಕಪಕ್ಕದಲ್ಲಿಟ್ಟು ಮಕ್ಕಳಿಂದ ಚರ್ಚೆ ಮಾಡಿಸಿ. ಒಂದರಲ್ಲಿ ಸಂಕಲ್ಪದ ಹಿಂಸೆ, ಇನ್ನೊಂದರಲ್ಲಿ ಉಪೇಕ್ಷೆಯ ಹಿಂಸೆ; ಎರಡನ್ನೂ ಬಲ್ಲ ಮಗು ವ್ರತವನ್ನು ಬಾಯಲ್ಲಷ್ಟೇ ಹೇಳದು. ಅದಕ್ಕೂ ಮೊದಲು ಸಹಿ ಹಾಕಿದ ಹಿರಿಯರು ಒಮ್ಮೆ ಆ ಪುಸ್ತಕವನ್ನು ಓದಲಿ. ನನ್ನ ಪ್ರತಿಯನ್ನು ಕೊಡಲು ನಾನು ಸಿದ್ಧನಿದ್ದೇನೆ, ನಿಘಂಟನ್ನೂ ಕೊಡುತ್ತೇನೆ.