ಬದಲಾಗದ ಸಾಲನ್ನು ಓದುವವರು ಯಾರು?

ಲಕ್ಷಾಂತರ ಸಾಲುಗಳ ಹಳೆಯ ಕೋಡನ್ನು ಟೂಲ್ ಒಂದೇ ರಾತ್ರಿಯಲ್ಲಿ ಹೊಸ ರೂಪಕ್ಕೆ ತಂದರೆ ಮ್ಯಾನೇಜರ್‌ಗಳಿಗೆ ಖುಷಿ. ಕೋಡ್ ರಿವ್ಯೂ ಮಾಡುವ ನನಗೂ ಖುಷಿಯೇ. ಒಂದೇ ತಿದ್ದುಪಡಿಯನ್ನು ಸಾವಿರ ಕಡೆ ಕೈಯಿಂದ ಮಾಡುತ್ತ ಕೂತರೆ ಎಲ್ಲೋ ಒಂದು ಕಡೆ ಕಣ್ತಪ್ಪುವುದು ಖಂಡಿತ. ಆದರೆ ‘ಟೂಲೇ ಮಾಡಿದೆಯಲ್ಲ, ಇನ್ನೇನು ನೋಡೋದು, ಅಪ್ರೂವ್ ಮಾಡಿ’ ಎಂಬ ಮಾತಿಗೆ ನನ್ನ ತಕರಾರಿದೆ.

ಪೈಥಾನ್ ಭಾಷೆಯನ್ನೇ ನೋಡಿ. ಅದರ ಮೂರನೆಯ ಆವೃತ್ತಿ ಬಂದದ್ದು 2008ರಲ್ಲಿ. ಎರಡನೆಯದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಹಳೆಯ ಕೋಡನ್ನು ಪರಿವರ್ತಿಸಲು ‘2ಟು3’ ಎಂಬ ಟೂಲ್ ಪೈಥಾನ್ ಜೊತೆಗೇ ಬರುತ್ತಿತ್ತು. ಪ್ರಿಂಟ್‌ಗೆ ಆವರಣ ಹಾಕುವಂಥ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಭಾಗಾಕಾರವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಎರಡನೆಯ ಆವೃತ್ತಿಯಲ್ಲಿ 7/2 ಅಂದರೆ 3, ಮೂರನೆಯದರಲ್ಲಿ 3.5. ಆ ಜಾಗಕ್ಕೆ ಬರುವುದು ಪೂರ್ಣಾಂಕವೋ ದಶಮಾಂಶವೋ ಎಂಬುದು ಪ್ರೋಗ್ರಾಂ ಓಡುವಾಗಷ್ಟೇ ಗೊತ್ತಾಗುತ್ತದೆ. ಟೂಲ್ ತಾನೇ ಏನು ಮಾಡೀತು?

ರಿವ್ಯೂಗೆ ಬರುವ ಡಿಫ್‌ನಲ್ಲಿ ಬದಲಾದ ಸಾಲುಗಳು ಕೆಂಪು, ಹಸಿರಿನಲ್ಲಿ ಎದ್ದು ಕಾಣುತ್ತವೆ. ಭಾಗಾಕಾರದ ಸಾಲು ಇದ್ದ ಹಾಗೇ ಇದೆ, ಅದರ ಅರ್ಥವಷ್ಟೇ ಬೇರೆಯಾಗಿದೆ. ಬಂದ ಉತ್ತರವನ್ನು ಪಟ್ಟಿಯ ಕ್ರಮಸಂಖ್ಯೆಯಾಗಿ ಬಳಸಿದ್ದರೆ ಪ್ರೋಗ್ರಾಂ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ, ಪುಣ್ಯ. ಬಡ್ಡಿಯ ಲೆಕ್ಕದಲ್ಲಿದ್ದರೆ ಸದ್ದಿಲ್ಲದೆ ಬೇರೆ ಅಂಕಿ ಬಂದುಬಿಡುತ್ತದೆ. ಪೂರ್ಣಾಂಕದ ಭಾಗಾಕಾರ ನಡೆದಲ್ಲೆಲ್ಲ ಎಚ್ಚರಿಸುವ ಆಯ್ಕೆ ಹಳೆಯ ಪೈಥಾನ್‌ನಲ್ಲೇ ಇತ್ತು. ಆ ಎಚ್ಚರಿಕೆಗಳ ಪಟ್ಟಿ ಹಿಡಿದು, ಪ್ರತಿ ಜಾಗದಲ್ಲೂ ಓರೆಗೆರೆ ಒಂದಿರಬೇಕೋ (ದಶಮಾಂಶದ ಉತ್ತರಕ್ಕೆ) ಎರಡಿರಬೇಕೋ (ಪೂರ್ಣಾಂಕದ ಉತ್ತರಕ್ಕೆ) ಎಂದು ತೀರ್ಮಾನಿಸಲು ಲೆಕ್ಕ ಬಲ್ಲ ಮನುಷ್ಯರೇ ಕೂರಬೇಕು.

ಹಾಗಂತ ಟೂಲ್ ಬೇಡವೆನ್ನುವವಳಲ್ಲ ನಾನು. ಲಿನಕ್ಸ್ ಕರ್ನಲ್‌ನಲ್ಲಿ ಕಾಕ್ಸಿನೆಲ್ ಎಂಬ ಟೂಲ್ ಬಳಸುತ್ತಾರೆ. ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಜೂಲಿಯಾ ಲಾವಲ್ ಅದರ ಹಿಂದಿರುವ ಸಂಶೋಧಕಿ. ಮೆಮೊರಿ ಪಡೆದು ಆಮೇಲೆ ಬೇರೆಯಾಗಿ ಸೊನ್ನೆ ತುಂಬಿದ ಕಡೆ, ಎರಡನ್ನೂ ಒಟ್ಟಿಗೇ ಮಾಡುವ ಕೆಝ್ಯಾಲಕ್ ಹಾಕು ಎಂಬ ನಿಯಮವನ್ನು ಅದರಲ್ಲಿ ಕೆಲವೇ ಸಾಲುಗಳಲ್ಲಿ ಬರೆಯಬಹುದು. ಆ ನಿಯಮವನ್ನು ಯಾರು ಬೇಕಾದರೂ ಓದಿ ಜಗಳ ಆಡಬಹುದು. ಹೊರಬಂದ ಪ್ಯಾಚನ್ನು ಆಯಾ ಭಾಗದ ಮೇಂಟೇನರ್ ಓದಿ ಒಪ್ಪಿದ ಮೇಲಷ್ಟೇ ಸೇರಿಸುತ್ತಾರೆ.

ಈಗ ಬಂದಿರುವ ಎಐ ಸಹಾಯಕರಲ್ಲಿ ನಾವು ಓದಬಹುದಾದ ಅಂಥ ನಿಯಮವೇ ಇಲ್ಲ. ಒಂದು ಫೈಲ್‌ನಲ್ಲಿ ಹೀಗೆ ಬರೆದದ್ದನ್ನು ಇನ್ನೊಂದರಲ್ಲಿ ಹಾಗೆ ಬರೆದೀತು. ಆಗ ಸಾವಿರಕ್ಕೆ ಸಾವಿರ ಜಾಗವನ್ನೂ ಓದಲೇಬೇಕು. ಅದಕ್ಕೇ ನಾನು ಹೇಳುವುದು: ಎಐ ಕೈಯಲ್ಲಿ ಕೋಡ್ ತಿದ್ದಿಸಬೇಡಿ, ನಿಯಮ ಬರೆಸಿ.

ಬೆಂಗಳೂರಿನಲ್ಲಿ ನಾನು ನೋಡಿದ ಮೈಗ್ರೇಷನ್ ಎಸ್ಟಿಮೇಟ್‌ಗಳಲ್ಲಿ ಟೂಲ್ ಉಳಿಸುವ ಗಂಟೆಗಳನ್ನು ಬರೆದಿರುತ್ತಾರೆ. ಓದುವ ಗಂಟೆಗಳಿಗೆ ಕಾಲಮ್ಮೇ ಇರುವುದಿಲ್ಲ. ಆ ಕಾಲಂ ಸೇರಿಸಿ. ಟೂಲ್ ಮುಟ್ಟದೆ ಬಿಟ್ಟ ಜಾಗಗಳ ಪಟ್ಟಿಯನ್ನೂ ಡಿಫ್ ಜೊತೆಗೇ ರಿವ್ಯೂಗೆ ಕಳಿಸಿ.